ನೆಲದಿಂದ ಅಳೆದ ಸ್ಕರ್ಟು

ನನ್ನ ಬೀರುವಿನ ಮೂರನೆಯ ಅರೆಯಲ್ಲಿ ಎಡಕ್ಕೆ ಕರವಸ್ತ್ರಗಳು, ನಡುವೆ ಒಳಲಂಗಗಳು, ಬಲಕ್ಕೆ ಹೊಲಿಗೆ ಡಬ್ಬ. ನಿವೃತ್ತಿಯಾದ ದಿನದಿಂದ ಈ ಕ್ರಮ ಬದಲಾಗಿಲ್ಲ. ಕರೆಂಟು ಹೋದರೂ ಕೈ ಹಾಕಿದ ಕಡೆ ಬೇಕಾದ್ದು ಸಿಗಬೇಕು. ಮನೆಯವರಿಗೆ ಇದೊಂದು ತಮಾಷೆ. "ನಿಮ್ಮಜ್ಜಿ ಬೀರುಗೆ ಹಾಜರಿ ಪುಸ್ತಕ ಒಂದಿಟ್ಟಿಲ್ಲ ನೋಡು" ಎಂದು ನನ್ನ ಮಗಳು ತನ್ನ ಮಗಳಿಗೆ ಹೇಳುವುದುಂಟು.

ಆ ಮೊಮ್ಮಗಳು ಶ್ರೇಯಾ. ಇಲ್ಲೇ ತುಮಕೂರಿನಲ್ಲಿ ಪಿಯುಸಿ ಎರಡನೆಯ ವರ್ಷ ಓದುತ್ತಿದ್ದಾಳೆ. ಕಳೆದ ಭಾನುವಾರ ಹುಕ್ಕು ಹುಡುಕುತ್ತ ನನ್ನ ಹೊಲಿಗೆ ಡಬ್ಬ ತೆರೆದಳು. ಹುಕ್ಕು ಹುಕ್ಕಿನ ಜಾಗದಲ್ಲೇ ಇತ್ತು. ಆದರೆ ಅವಳ ಕೈಗೆ ಬಂದದ್ದು ಡಬ್ಬದ ತಳದಲ್ಲಿ ಸುರುಳಿ ಸುತ್ತಿಟ್ಟಿದ್ದ ಕಡುನೀಲಿ ಬಟ್ಟೆಯ ಒಂದು ಪಟ್ಟಿ. ಬಿಚ್ಚಿ ಎತ್ತಿ ಹಿಡಿದಳು. ಮೂರು ಮೊಳ ಉದ್ದ. ನಟ್ಟನಡುವೆ ಒಂದೂವರೆ ಇಂಚು ಅಗಲ. ಅಲ್ಲಿಂದ ಎರಡು ಕಡೆಗೂ ಸಣ್ಣಗಾಗುತ್ತ ಹೋಗಿ ತುದಿಯಲ್ಲಿ ದಾರದಷ್ಟಾಗಿ ಮುಗಿಯುತ್ತದೆ.

"ಏನಜ್ಜಿ ಇದು, ಹೇರ್ ಬ್ಯಾಂಡಾ?"

"ಅಲ್ಲ."

"ಮತ್ತೆ? ಉಪಯೋಗಕ್ಕೆ ಬರದೇ ಇರೋದನ್ನ ನೀನು ಇಟ್ಕೊಳ್ಳೋಳೇ ಅಲ್ವಲ್ಲ!"

"ಸುತ್ತಿ ಇದ್ದಲ್ಲೇ ಇಡು" ಎಂದೆ. ನನ್ನ ದನಿ ಸ್ವಲ್ಪ ಗಡುಸಾಯಿತೇನೋ. ಅವಳು ಸುತ್ತಿ ಇಟ್ಟಳು.

ಅವಳಿಗೂ ಅಂದು ಬೇರೆಯ ಚಿಂತೆ ಇತ್ತು. ಕಾಲೇಜ್ ಡೇಗೆ ಸ್ಕರ್ಟು ಹೊಲಿಸಬೇಕು, ಎಂಥದ್ದು ಎಂದು ತೀರ್ಮಾನವಾಗಿಲ್ಲ. ಯಾವುದೋ ವಾರಪತ್ರಿಕೆಯ ಹಾಳೆ ಕತ್ತರಿಸಿ ತಂದಿದ್ದಳು. ಅದರಲ್ಲಿ ಹೆಂಗಸರ ಮೈಕಟ್ಟನ್ನು ಸೇಬು, ಮರಸೇಬು, ಮರಳು ಗಡಿಯಾರ, ಬೆಂಕಿಪೊಟ್ಟಣ ಎಂದು ನಾಲ್ಕು ವರ್ಗ ಮಾಡಿ ಯಾರಿಗೆ ಯಾವ ಸ್ಕರ್ಟು ಒಪ್ಪುತ್ತದೆಂದು ಬರೆದಿದ್ದರು.

"ನಾನು ಮರಸೇಬು ಅಜ್ಜಿ. ಸೊಂಟದಿಂದ ಕೆಳಗೆ ದಪ್ಪ. ನಂಗೆ ಎ-ಲೈನ್ ಹಾಕ್ಬೇಕಂತೆ. ಫ್ರಿಲ್ ಮುಟ್ಟಲೇಬಾರ್ದಂತೆ."

"ನಾನು ಯಾವುದು?"

ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹಾಳೆ ನೋಡಿದಳು. "ನೀನು ಇದ್ರಲ್ಲಿ ಇಲ್ಲ ಅಜ್ಜಿ."

ಪತ್ರಿಕೆಯವರು ಬರೆದದ್ದು ತಪ್ಪೆಂದು ಹೇಳಲಾರೆ. ಗುಬ್ಬಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹದಿನೆಂಟು ವರ್ಷ ಕನ್ನಡದ ಜೊತೆಗೆ ಹೊಲಿಗೆಯನ್ನೂ ಕಲಿಸಿದವಳು ನಾನು. ಸೊಂಟ ಅಗಲ ಇರುವವರಿಗೆ ಸೊಂಟದಲ್ಲೇ ದಾರ ಎಳೆದು ಸುರುಕು ಹಿಡಿದರೆ ಇನ್ನೂ ಅಗಲವಾಗಿ ಕಾಣುತ್ತಾರೆ. ಅವರಿಗೆ ಮೇಲೆ ಮೈಗೆ ಹೊಂದಿಕೊಂಡು ಕೆಳಗೆ ಮೆಲ್ಲಗೆ ಅಗಲವಾಗುವ ಎ-ಲೈನ್ ಒಳ್ಳೆಯದು. ಕಡ್ಡಿಯಂಥವರಿಗೆ ಸುರುಕು ಬೇಕು, ಫ್ರಿಲ್ಲೂ ಆಗಬಹುದು. ಕುಳ್ಳಗಿರುವವರಿಗೆ ಅಗಲ ಅಂಚು ಬೇಡ, ಉದ್ದ ನೆರಿಗೆ ಇರಲಿ. ಎತ್ತರದವರಿಗೆ ಅಂಚು ಎಷ್ಟಿದ್ದರೂ ಚೆನ್ನ. ಅಂಬ್ರೆಲಾ ಕಟ್ ತಿರುಗಿದರೆ ಚೆಂದ, ನಿಂತರೆ ಜೋಲುತ್ತದೆ. ಇಷ್ಟನ್ನು ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು, ಅಡಿಗೆರೆ ಎಳೆದು, ಎಂಟನೆಯ ತರಗತಿಯವರಿಂದ ನೋಟ್ ಪುಸ್ತಕದಲ್ಲಿ ಬರೆಸುತ್ತಿದ್ದೆ. ಅಡಿಗೆರೆ ಸೊಟ್ಟಗಿದ್ದರೆ ಮತ್ತೆ ಬರೆಸುತ್ತಿದ್ದೆ.

ನನಗೇ ಯಾವುದು ಒಪ್ಪುತ್ತದೆಂದು ನಾನು ತಿಳಿದದ್ದು ಬಹಳ ಸಣ್ಣ ವಯಸ್ಸಿನಲ್ಲಿ, ಹೆಬ್ಬೂರಿನಲ್ಲಿ. ಸಂಬಂಧಿಕರೊಬ್ಬರ ಮದುವೆಗೆ ಹಟ ಮಾಡಿ ಅಂಬ್ರೆಲಾ ಲಂಗ ಹೊಲಿಸಿಕೊಂಡಿದ್ದೆ. ಆಗಲೂ ಕುಳ್ಳಗೆ, ಗುಂಡಗೆ ಇದ್ದೆ. ಹಾಕಿಕೊಂಡು ನಡುಮನೆಗೆ ಬಂದಾಗ ಸೋದರಮಾವ ತಲೆಯೆತ್ತಿ ನೋಡಿ, "ಯಾರಮ್ಮ ಮಕ್ಕರಿ ಬೋರಲಾಕಿರೋರು? ಒಳಗೆ ಕೋಳಿಮರಿ ಏನಾದ್ರೂ ಅವ್ಯಾ?" ಎಂದರು. ಮದುವೆ ಮುಗಿಯುವವರೆಗೂ ನಾನು ಕಂಬದ ಹಿಂದೆಯೇ ಕೂತಿದ್ದೆ. ಅಂದಿನಿಂದ ನೇರವಾದ ವಸ್ತುಗಳ ಮೇಲೆ ನನಗೆ ಪ್ರೀತಿ ಹುಟ್ಟಿರಬೇಕು. ಅಡ್ಡಪಟ್ಟಿ ಬೇಡ, ಚುಕ್ಕಿ ಬೇಡ, ಸುರುಕು ಬೇಡ. ನೇರ ಗೆರೆ ಸಾಕು.

ಆ ಒಂದನ್ನು ಬಿಟ್ಟರೆ ನನ್ನ ಲಂಗಗಳನ್ನೆಲ್ಲ ಹೊಲಿದವಳು ಅಮ್ಮ. ಬೆಳೆಯುವ ಮಕ್ಕಳ ಲಂಗಕ್ಕೆ ಆಗ ಟಕ್ ಹಿಡಿಯುತ್ತಿದ್ದರು. ಕೆಳಗಿನ ಅಂಚಿನ ಹತ್ತಿರ ಬಟ್ಟೆಯನ್ನು ಅಡ್ಡಲಾಗಿ ಮಡಿಚಿ ಹೊಲಿದುಬಿಡುವುದು. ಮಗು ಬೆಳೆದಂತೆ ಒಂದೊಂದೇ ಟಕ್ ಬಿಚ್ಚಿದರೆ ಲಂಗವೂ ಅಷ್ಟಷ್ಟೇ ಉದ್ದವಾಗುತ್ತದೆ. ಅಮ್ಮ ಮೂರು ಟಕ್ ಹಿಡಿಯುತ್ತಿದ್ದಳು. ಪ್ರತಿ ಯುಗಾದಿಗೆ ಒಂದು ಬಿಚ್ಚುತ್ತಿದ್ದಳು. ಬಿಸಿಲಿಗೆ, ಒಗೆತಕ್ಕೆ ಸಿಕ್ಕ ಬಟ್ಟೆ ಬಣ್ಣಗೆಟ್ಟಿರುತ್ತಿತ್ತು, ಮಡಿಕೆಯೊಳಗಿದ್ದ ಬಟ್ಟೆ ಮಾತ್ರ ಹೊಸದರ ಹಾಗೆ ಕಡುಬಣ್ಣದ ಗೆರೆಯಾಗಿ ಹೊರಗೆ ಬರುತ್ತಿತ್ತು. ಲಂಗದ ಮೇಲಿನ ಗೆರೆ ಎಣಿಸಿ ಹುಡುಗಿಯ ವಯಸ್ಸು ಹೇಳಬಹುದಾಗಿತ್ತು. ಆ ಗೆರೆಗೆ ನಾವು ಯಾರೂ ನಾಚುತ್ತಿರಲಿಲ್ಲ. ಎಲ್ಲರ ಲಂಗದಲ್ಲೂ ಇರುತ್ತಿತ್ತು.

ಆ ನೀಲಿ ಪಟ್ಟಿಯ ವಿಷಯ ಹೇಳಲು ಇಷ್ಟು ಸುತ್ತು ಹಾಕುತ್ತಿದ್ದೇನೆ. ಸಾಮಾನ್ಯವಾಗಿ ನಾನು ಸುತ್ತು ಹಾಕುವವಳಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ದಿನವೂ ಬೆಳಿಗ್ಗೆ ತುಮಕೂರಿನಿಂದ ಬಸ್ಸು ಹತ್ತಿ ಗುಬ್ಬಿಗೆ ಹೋಗುತ್ತಿದ್ದೆ. ಐದಕ್ಕೆ ಏಳುವುದು, ಆರಕ್ಕೆ ಅಡುಗೆ, ಏಳೂವರೆಗೆ ಸೀರೆಯ ನೆರಿಗೆಗೆ ಪಿನ್ನು. ಶಾಲೆಯಲ್ಲಿ ಸಮವಸ್ತ್ರದ ಜವಾಬ್ದಾರಿ ನನ್ನದು. ಅಲ್ಲಿಯವರೆಗೆ ಹುಡುಗಿಯರಿಗೆ ನೀಲಿ ಉದ್ದಲಂಗ, ಬಿಳಿ ರವಿಕೆ ಇತ್ತು. ಚೇಳೂರು, ಸಿ.ಎಸ್. ಪುರದ ಕಡೆಯಿಂದ ಬರುವ ಮಕ್ಕಳು ಬಸ್ಸು ಹತ್ತುವಾಗ ಲಂಗ ತುಳಿದು ಬೀಳುತ್ತಿದ್ದರು. ಒಬ್ಬಳಿಗಂತೂ ಹಲ್ಲೇ ಮುರಿದಿತ್ತು. ಲಂಗ ತೆಗೆದು ಸ್ಕರ್ಟು ಮಾಡೋಣವೆಂದು ಶಿಕ್ಷಕರ ಸಭೆಯಲ್ಲಿ ವಾದಿಸಿ ಗೆದ್ದವಳು ನಾನೇ. ಮುಂದೆ ಎರಡು, ಹಿಂದೆ ಎರಡು ಬಾಕ್ಸ್ ಪ್ಲೀಟಿನ ಅಗಲ ನೆರಿಗೆ, ಮಂಡಿಯಿಂದ ನಾಲ್ಕು ಬೆರಳು ಕೆಳಗೆ, ಎಲ್ಲರಿಗೂ ಒಂದೇ ಮಾದರಿ. ಲಂಗವಿದ್ದಾಗಲೂ ಸ್ಕರ್ಟು ಬಂದ ಮೇಲೂ ಪ್ರತಿ ಸೋಮವಾರ ಪ್ರಾರ್ಥನೆಯಾದ ಮೇಲೆ ಮರದ ಫುಟ್ ಸ್ಕೇಲು ಹಿಡಿದು ಸಾಲಿನುದ್ದಕ್ಕೂ ಅಳೆಯುತ್ತ ಹೋಗುತ್ತಿದ್ದೆ. ಹುಡುಗಿಯರು ನನಗಿಟ್ಟ ಹೆಸರು ಸ್ಕೇಲ್ ಮಿಸ್. ನನಗೆ ತಿಳಿದಿಲ್ಲವೆಂದು ಅವರು ತಿಳಿದಿದ್ದರು.

ಎಂಟನೆಯ ತರಗತಿಯಲ್ಲಿ ನಾಗರತ್ನ ಎಂಬ ಹುಡುಗಿ ಇದ್ದಳು. ಚೇಳೂರಿನ ಹತ್ತಿರದ ಹಳ್ಳಿಯವಳು. ಮಗುವಾಗಿದ್ದಾಗ ಪೋಲಿಯೋ ಆಗಿ ಎಡಗಾಲು ಸಣ್ಣಗಾಗಿ ಸ್ವಲ್ಪ ಗಿಡ್ಡವಾಗಿತ್ತು. ನಡೆಯುವಾಗ ಎಡಕ್ಕೆ ವಾಲುತ್ತಿದ್ದಳು. ಆದರೆ ಹಾಡಲು ನಿಂತರೆ ಸುತ್ತಲಿನ ಸದ್ದು ತಾನಾಗಿ ನಿಲ್ಲುತ್ತಿತ್ತು. ಆ ವರ್ಷದ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆ ಹಾಡುವ ಹನ್ನೆರಡು ಮಂದಿಯಲ್ಲಿ ಅವಳೇ ಮುಖ್ಯ ದನಿ.

ಸ್ಕರ್ಟಿನ ಸೂಚನೆ ಹೊರಟ ವಾರ ಅವಳ ತಾಯಿ ಸಿದ್ಧಗಂಗಮ್ಮ ಶಾಲೆಗೆ ಬಂದರು. ಹೊರಗಿನ ಜಗಲಿಯಲ್ಲೇ ನಿಂತು ಮಾತಾಡಿದರು.

"ಮೇಡಮ್ಮಾರೆ, ನಮ್ ನಾಗೂಗೆ ಉದ್ದಲಂಗಾನೇ ಇರ್ಲಿ ಬುಡಿ. ಇಷ್ಟು ದಿನ ಆ ಕಾಲು ಯಾರ್ಗೂ ಕಾಣ್ದಂಗೆ ಸಾಗ್ಸವ್ಳೆ. ಸ್ಕಲ್ಟ್ ಆಕು ಅಂದ್ರೆ ಇಸ್ಕೂಲೇ ಬುಡ್ತೀನಿ ಅಂತವ್ಳೆ."

"ಒಬ್ಬಳಿಗೆ ಬಿಟ್ಟರೆ ನಾಳೆ ಮೂವತ್ತು ಜನ ಬರ್ತಾರೆ, ಸಿದ್ಧಗಂಗಮ್ಮ" ಎಂದೆ. "ಮರೆಸಿಟ್ಟಷ್ಟೂ ಅವಳಿಗೇ ಕಷ್ಟ. ಬಸ್ ಸ್ಟ್ಯಾಂಡ್ ಹಿಂದೆ ನಜೀರ್ ಸಾಬರ ಅಂಗಡಿ ಇದೆ. ಅವರ ಹತ್ತಿರ ಹೊಲಿಸಿ. ಕೈ ಚೆನ್ನಾಗಿದೆ."

ನಾನು ಹೇಳಿದ್ದರಲ್ಲಿ ತಪ್ಪು ಹುಡುಕಲು ಈಗಲೂ ನನಗೆ ಆಗುವುದಿಲ್ಲ. ಅದೇ ನನ್ನ ತೊಂದರೆ.

ನಜೀರ್ ಸಾಬರು ಗುಬ್ಬಿಯ ಹಳೆಯ ದರ್ಜಿ. ಮುಂದೆ ಅಂಗಡಿ, ಪರದೆಯ ಹಿಂದೆ ಮನೆ. ಹೆಣ್ಣುಮಕ್ಕಳ ಅಳತೆಯನ್ನು ಅವರು ತಾವಾಗಿ ತೆಗೆಯುತ್ತಿರಲಿಲ್ಲ. ಪರದೆಯ ಒಳಗೆ ಅವರ ಹೆಂಡತಿ ಟೇಪು ಹಿಡಿದು ಅಂಕಿ ಕೂಗುತ್ತಿದ್ದರು, ಹೊರಗೆ ಇವರು ಬರೆದುಕೊಳ್ಳುತ್ತಿದ್ದರು. ಆದರೆ ಹುಡುಗಿ ಅಂಗಡಿಯ ಮೆಟ್ಟಿಲು ಹತ್ತುವುದನ್ನೂ ಇಳಿದು ಹೋಗುವುದನ್ನೂ ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಿದ್ದರು. "ಎಲ್ರೂ ನಿಂತೋರ್ಗೆ ಹೊಲೀತಾರೆ ಮೇಡಂ. ಬಟ್ಟೆ ಹಾಕ್ಕೊಂಡು ನಡೀತಾರಲ್ಲ, ಅವ್ರಿಗ್ಯಾರು ಹೊಲಿಯೋದು?" ಎಂದು ಒಮ್ಮೆ ನನಗೆ ಹೇಳಿದ್ದರು. ವ್ಯಾಪಾರದ ಮಾತು ಎಂದುಕೊಂಡಿದ್ದೆ.

ಹದಿನೈದು ದಿನದ ಮೇಲೆ ಸಿದ್ಧಗಂಗಮ್ಮ ಮತ್ತೆ ಬಂದರು. ಈ ಸಲ ಜಗಲಿಯಲ್ಲಿ ನಿಲ್ಲದೆ ನೇರ ಕೊಠಡಿಗೇ ಬಂದರು.

"ಮೇಡಮ್ಮಾರೆ, ಸಾಬ್ರು ಅದೇನ್ ಮಾಡುದ್ರೋ ಕಾಣೆ. ಆಕ್ಕಂಡು ಕನ್ನಡಿ ಮುಂದೆ ನಿಂತ್ಕಂಡ್ಳು ನೋಡಿ, ವಾಲ್ದಂಗೇ ಕಾಣ್ನಿಲ್ಲ. ಕೆಳಗೆ ಗೆರೆ ಎಳ್ದಂಗೆ ಸಮ್ವಾಗಿತ್ತು. ನನ್ ಮಗ್ಳು ನಗಾಡ್ಬುಟ್ಳು ಕಣ್ರವ್ವ."

ನನ್ನ ಮುಂದೆ ಕಾರ್ಯಕ್ರಮದ ಪಟ್ಟಿ ಇತ್ತು. ಮಾಲೆ ಎಷ್ಟು, ಕುರ್ಚಿ ಎಷ್ಟು, ಯಾರ ನಂತರ ಯಾರು ಎಂದು ಗುರುತು ಹಾಕುತ್ತಿದ್ದೆ. "ಸಂತೋಷ, ಸಂತೋಷ" ಎಂದೆ. ಪೆನ್ನು ಎತ್ತಲಿಲ್ಲ. ಆಕೆ ಹೇಳಿದ್ದನ್ನು ನನ್ನ ಕಿವಿ ಕೇಳಿತ್ತು, ನಾನು ಕೇಳಿರಲಿಲ್ಲ.

ವೇದಿಕೆ ಏರುವ ಹನ್ನೆರಡು ಮಂದಿಯ ಸ್ಕರ್ಟುಗಳು ಕೊಳೆಯಾಗದಿರಲೆಂದು ಮೊದಲೇ ತರಿಸಿಕೊಂಡು ನನ್ನ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದೆ. ಪ್ರತಿಯೊಂದಕ್ಕೂ ಒಂದು ಚೀಟಿ, ಚೀಟಿಯಲ್ಲಿ ಒಂದು ಸಂಖ್ಯೆ. ಹೆಸರು ಬರೆದರೆ ಮೂವರು ಮಂಜುಳಾ, ಇಬ್ಬರು ಲಕ್ಷ್ಮಿ ಇದ್ದಾರೆ, ಗೊಂದಲವಾಗುತ್ತದೆ, ಸಂಖ್ಯೆಯಲ್ಲಿ ಗೊಂದಲವಿಲ್ಲ. ವಾರ್ಷಿಕೋತ್ಸವದ ಹಿಂದಿನ ಮಧ್ಯಾಹ್ನ, ಹೊಲಿಗೆ ಪೀರಿಯಡ್ಡಿನಲ್ಲಿ, ಒಂದೊಂದನ್ನೇ ಮೇಜಿನ ಮೇಲೆ ಹರಡಿ ಸೊಂಟದ ಪಟ್ಟಿಯಿಂದ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಅಳೆದೆ. ಎಂಟು ಸರಿ ಇದ್ದವು. ಒಂಬತ್ತನೆಯದರಲ್ಲಿ ಬಲಭಾಗ ಎಡಭಾಗಕ್ಕಿಂತ ಒಂದೂವರೆ ಇಂಚು ಉದ್ದ.

ಮತ್ತೊಮ್ಮೆ ಅಳೆದೆ. ಒಂದೂವರೆ ಇಂಚೇ.

ನಜೀರ್ ಸಾಬರಿಗೆ ವಯಸ್ಸಾಯಿತು ಎಂದುಕೊಂಡೆ. ವಾಪಸು ಕಳಿಸಲು ಸಮಯವಿರಲಿಲ್ಲ. ನಾನೇ ಅಂಚು ಬಿಚ್ಚಿ, ಮಡಿಕೆ ನೀವಿ, ಸ್ಕೇಲಿಟ್ಟು ಸೀಮೆಸುಣ್ಣದ ಗೆರೆ ಎಳೆದು, ಕತ್ತರಿ ಆಡಿಸಿದೆ. ಹೆಚ್ಚಾಗಿದ್ದ ಬಟ್ಟೆ ಒಂದೇ ಪಟ್ಟಿಯಾಗಿ ಬಂತು. ಮತ್ತೆ ಅಂಚು ಮಡಿಚಿ ಮೆಷಿನ್ನಿನಲ್ಲಿ ಹೊಲಿದೆ. ಪೀರಿಯಡ್ ಬೆಲ್ಲು ಹೊಡೆಯುವ ಮೊದಲೇ ಕೆಲಸ ಮುಗಿದಿತ್ತು. ಯಾರದೋ ಮಗುವಿಗೆ ಉಪಕಾರ ಮಾಡಿದ ತೃಪ್ತಿಯಿಂದ ಬಸ್ಸು ಹತ್ತಿದೆ. ಇದನ್ನೂ ಬರೆಯಬೇಕು: ಆ ತೃಪ್ತಿ ನಿಜವಾಗಿಯೂ ಇತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಸ್ಕರ್ಟು ಹಂಚಿ, ಹಾಕಿಕೊಂಡು ಅಂಗಳದಲ್ಲಿ ಸಾಲಾಗಿ ನಿಲ್ಲಲು ಹೇಳಿದೆ. ಉಳಿದ ತರಗತಿಗಳವರು ಜಗಲಿಯ ಮೇಲೆ ಸೇರಿದ್ದರು. ಹನ್ನೊಂದು ಸ್ಕರ್ಟುಗಳ ಅಂಚುಗಳು ಒಂದು ಗೆರೆಯಲ್ಲಿದ್ದವು. ನಡುವೆ ಒಂದು, ಎಡಕ್ಕೆ ಇಳಿದು ಬಲಕ್ಕೆ ಏರಿತ್ತು, ಯಾರೋ ಒಂದು ಕಡೆ ಹಿಡಿದು ಎತ್ತಿದ ಹಾಗೆ. ಅದರ ಕೆಳಗೆ ಎರಡು ಕಾಲು, ಒಂದು ದಪ್ಪ, ಒಂದು ಸಣ್ಣ. ನಾನು ಕಣ್ಣೆತ್ತಿ ಮುಖ ನೋಡಿದೆ.

ಜಗಲಿಯ ಮೇಲೆ ಯಾರೋ ಕಿಸಕ್ಕೆಂದರು. "ಸುಮ್ನಿರೇ, ಪಾಪ ಕಣೇ" ಎಂದು ಇನ್ನೊಬ್ಬಳು ಗದರಿದಳು. ನಗುವಿಗಿಂತ ಆ ಪಾಪವೇ ಹೆಚ್ಚು ಗಟ್ಟಿಯಾಗಿ ಕೇಳಿಸಿತು. ನಾಗರತ್ನ ತನ್ನ ಅಂಚನ್ನು ಒಮ್ಮೆ ಬಗ್ಗಿ ನೋಡಿಕೊಂಡಳು. ಅಳಲಿಲ್ಲ. ಸಾಲಿನಿಂದ ಹಿಂದೆ ಸರಿದು, ಗೋಡೆಗೆ ಕೈ ಕೊಟ್ಟುಕೊಂಡು, ಹೊಲಿಗೆ ಕೊಠಡಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಗಳ ಹಾಡು ಕೇಳಲೆಂದು ಬೆಳಗಿನ ಬಸ್ಸಿಗೇ ಬಂದಿದ್ದ ಸಿದ್ಧಗಂಗಮ್ಮ ಗೇಟಿನ ಬಳಿ ನಿಂತಿದ್ದರು. ಅಲ್ಲಿಂದಲೇ ಎಲ್ಲ ನೋಡಿದ್ದರು. ನಾನು ಹತ್ತಿರ ಹೋಗಿ, "ಕತ್ತರಿಸಿದ್ದು ನಾನು" ಎಂದೆ.

ಆಕೆ ನನ್ನ ಮುಖವನ್ನು ತುಸು ಹೊತ್ತು ನೋಡಿದರು. "ನಿಮ್ಗೆ ತಿಳೀನಿಲ್ಲ ಬುಡಿ ಮೇಡಮ್ಮಾರೆ. ಸಂಜೀ ಬಸ್ಗಂಟ ಯಾಕೆ, ಈಗ್ಲೇ ಕರ್ಕಂಡೋಯ್ತೀನಿ. ನಾಳಿಂದ ಬರಾಕಿಲ್ಲ ಅಂತ ಬರ್ಕಳಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬರೆದುಕೊಳ್ಳಿ ಎಂದದ್ದನ್ನು ತಡೆಯಲಾಗಲಿಲ್ಲ. ನಾನು ಬರೆದುಕೊಳ್ಳುವವಳು ಎನ್ನುವುದಷ್ಟೇ ಅವರಿಗೆ ನನ್ನ ಬಗ್ಗೆ ತಿಳಿದಿತ್ತು.

"ಒಂದು ಗಂಟೆ ಇರಿ. ಒಂದೇ ಗಂಟೆ" ಎಂದೆ. ಶಾಲೆಯ ವೇಳೆಯಲ್ಲಿ, ರಜೆ ಬರೆದುಕೊಡದೆ, ಗೇಟು ದಾಟಿ ಬೀದಿಗೆ ಹೋದದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ. ಬಿರಬಿರನೆ ನಡೆದೆ. ಓಡಿದೆ ಎಂದು ಆಮೇಲೆ ಹುಡುಗಿಯರು ಹೇಳಿದರು, ಅದು ಸುಳ್ಳು.

ನಜೀರ್ ಸಾಬರು ಷರಟಿಗೆ ಕಾಜಾ ಹಾಕುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಮೇಜಿನ ಮೇಲೆ ಇಟ್ಟು ಅಳುದ್ರಾ ಮೇಡಂ?"

"ಹೌದು."

"ಮೇಜಿಗೆ ಕಾಲು ಸಮ ಇರ್ತವೆ" ಎಂದರು. "ನೀವು ಸೊಂಟದಿಂದ ಕೆಳಕ್ಕೆ ಅಳುದ್ರಿ. ಆ ಮಗೂಗೆ ನಾವು ನೆಲದಿಂದ ಮೇಲಕ್ಕೆ ಅಳ್ದಿದ್ವಿ. ಸೊಂಟ ಎಡಕ್ಕೆ ವಾಲ್ತದೆ, ನೆಲ ವಾಲಲ್ವಲ್ಲ."

"ಸರಿ ಮಾಡೋಕಾಗುತ್ತಾ? ನಾಲ್ಕು ಗಂಟೆಗೆ ಕಾರ್ಯಕ್ರಮ."

"ಒಳಗೆ ಒಂದು ಟಕ್ ಬಿಟ್ಟಿದೀನಿ, ಮುಂದಿನ ವರ್ಷ ಬೆಳೀತಾಳೆ ಅಂತ. ಅದನ್ನ ಈಗ್ಲೇ ಬಿಚ್ಚಿದ್ರೆ ಬಲಗಡೆಗೆ ಸಿಗ್ತದೆ. ಬೆಳೆಯೋದಕ್ಕೆ ಇಟ್ಟಿದ್ದು ಹೋಗ್ತದೆ, ಏನ್ಮಾಡೋದು. ಆದ್ರೆ ಗುರ್ತು ಮೈಮೇಲೇ ಹಾಕ್ಬೇಕು. ಹಾಕೋಕೆ ನಮ್ಮ ಮನೆಯವ್ಳಿಲ್ಲ ಮೇಡಂ, ಕುಣಿಗಲ್ಲಿಗೆ ತವರಿಗೆ ಹೋಗವ್ಳೆ."

"ನಾನು ಹಾಕ್ತೀನಿ" ಎಂದೆ.

ಕತ್ತರಿ, ಟೇಪು, ಸೀಮೆಸುಣ್ಣ ಚೀಲಕ್ಕೆ ಹಾಕಿಕೊಂಡು ಅವರು ನನ್ನ ಜೊತೆ ಬಂದರು. ಹೊಲಿಗೆ ಕೊಠಡಿಯ ಬಾಗಿಲು ತಟ್ಟಿದೆ. ತೆರೆಯಲಿಲ್ಲ. "ನಾಗೂ, ಮಿಸ್ ಕಣವ್ವ, ತಗಿ" ಎಂದು ತಾಯಿ ಕರೆದ ಮೇಲೆ ಅಗುಳಿ ಸರಿಯಿತು. ಅವಳು ಹಳೆಯ ಉದ್ದಲಂಗ ಉಟ್ಟು ಕೂತಿದ್ದಳು. ಸ್ಕರ್ಟು ಮಡಿಚಿ ಮೇಜಿನ ಮೇಲಿತ್ತು. ನಾನು ಕಲಿಸಿದ ಹಾಗೆಯೇ, ನೆರಿಗೆ ನೆರಿಗೆಗೆ ಸೇರಿಸಿ ಮಡಿಚಿದ್ದಳು.

"ಇನ್ನೊಂದು ಸಲ ಹಾಕ್ಕೋ ನಾಗರತ್ನ. ಗುರುತು ಹಾಕ್ಬೇಕು" ಎಂದೆ.

"ಇನ್ನೊಂದ್ಸಲ ಎಲ್ರ ಮುಂದೆ ನಿಂತ್ಕಬೇಕಾ ಮಿಸ್?"

ಆ ಪ್ರಶ್ನೆಯಲ್ಲಿ ಸಿಟ್ಟು ಇರಲಿಲ್ಲ. ನಿಯಮ ಏನೆಂದು ಕೇಳುತ್ತಿದ್ದಳು, ಅಷ್ಟೆ.

"ಎಲ್ಲರ ಮುಂದೆ ಇಲ್ಲ. ನನ್ನ ಮುಂದೆ. ನಿನಗೆ ಇಷ್ಟವಿದ್ದರೆ."

ಅವಳು ತಾಯಿಯ ಕಡೆ ನೋಡಿದಳು. ಆಮೇಲೆ ಕೊಠಡಿಯ ಮೂಲೆಯಲ್ಲಿದ್ದ ಪರದೆಯ ಹಿಂದೆ ಹೋಗಿ ಸ್ಕರ್ಟು ಹಾಕಿಕೊಂಡು ಬಂದಳು. ನಜೀರ್ ಸಾಬರು ಕಪ್ಪುಹಲಗೆಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ನಿಂತರು. ಹಲಗೆಯ ಮೇಲೆ ಹಿಂದಿನ ದಿನ ನಾನೇ ಬರೆದ ಬಾಕ್ಸ್ ಪ್ಲೀಟಿನ ಚಿತ್ರ, ಕೆಳಗೆ ಎರಡು ಅಡಿಗೆರೆ.

"ಚಪ್ಪಲಿ ಹಾಕ್ಸಿ ಮೇಡಂ, ಹಾಕ್ಕೊಂಡು ಹಾಡೋದೋ ಬಿಟ್ಟು ಹಾಡೋದೋ?"

"ಬಿಟ್ಟು."

"ಹಂಗಾರೆ ಬಿಡ್ಸಿ. ಈಗ ಸ್ಕೇಲು ನೆಲಕ್ಕೆ ನೆಟ್ಟಗೆ ನಿಲ್ಸಿ. ಎಡಗಡೆ ಅಂಚು ಎಷ್ಟಕ್ಕೆ ಬತ್ತದೆ ನೋಡ್ಕೊಳಿ. ಆ ಅಂಕಿ ಸುತ್ತಲೂ ಬರ್ಬೇಕು."

ನಾನು ಸೆರಗು ಸಿಕ್ಕಿಸಿ ಸಿಮೆಂಟು ನೆಲದ ಮೇಲೆ ಮಂಡಿಯೂರಿದೆ. ಸೋಮವಾರ ಅಳೆಯುವಾಗ ಸಾಲಿನ ಹುಡುಗಿಯರು ನಾನು ತಿರುಗು ಎಂದರೆ ತಿರುಗುತ್ತಿದ್ದರು. ಅದೇ ಅಭ್ಯಾಸದಲ್ಲಿ, "ಸ್ವಲ್ಪ ಈ ಕಡೆ ತಿರುಗು" ಎಂದೆ. ಅವಳು ಎಡಗಾಲು ಎತ್ತಿಡಲು ಹೋಗಿ ಮೇಜು ಹಿಡಿದಳು.

ನಜೀರ್ ಸಾಬರು ಬೆನ್ನು ತಿರುಗಿಸದೆಯೇ ಹೇಳಿದರು. "ಮಗೂನ ತಿರುಗ್ಸಬೇಡಿ ಮೇಡಂ. ತಿರುಗ್ದಾಗೆಲ್ಲ ವಾಲೋದು ಬದಲಾಗ್ತದೆ. ಅವಳು ನಿಂತಂಗೆ ನಿಂತಿರ್ಲಿ. ನೀವು ತಿರುಗಿ."

ನಾನು ತಿರುಗಿದೆ. ಮಂಡಿಯ ಮೇಲೆ ತೆವಳುತ್ತ, ಒಂದೊಂದು ಗೇಣಿಗೂ ಸ್ಕೇಲು ನಿಲ್ಲಿಸಿ, ಗುರುತು ಹಾಕುತ್ತ, ಆ ಹುಡುಗಿಯ ಸುತ್ತ ಒಂದು ಸುತ್ತು ಬಂದೆ. ಎಂಟು ತಿಂಗಳು ವಾರಕ್ಕೊಮ್ಮೆ ಅವಳ ಸಾಲಿನ ಮುಂದೆ ಹಾದುಹೋಗಿದ್ದೆ. ಅವಳ ಎಡಪಾದದ ಹೆಬ್ಬೆರಳು ನೆಲವನ್ನು ಹೇಗೆ ಒತ್ತಿ ಹಿಡಿಯುತ್ತದೆ ಎಂದು ನೋಡಿದ್ದು ಆಗಲೇ. ನೆಟ್ಟಗೆ ನಿಲ್ಲಲು ಅವಳಿಗೆ ಅಷ್ಟು ಬಲ ಬೇಕಾಗಿತ್ತು. ನಾನು ಅವಳನ್ನು ದಿನವೂ ಪ್ರಾರ್ಥನೆಯಲ್ಲಿ ಅರ್ಧ ಗಂಟೆ ನಿಲ್ಲಿಸುತ್ತಿದ್ದೆ.

ನಜೀರ್ ಸಾಬರು ಶಾಲೆಯ ಮೆಷಿನ್ನಿನಲ್ಲೇ ಕೂತು ಟಕ್ ಬಿಚ್ಚಿ, ಗುರುತು ಹಿಡಿದು ಹೊಲಿದುಕೊಟ್ಟರು. ನಾನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದ ಪಟ್ಟಿಯನ್ನು ಎತ್ತಿ ಮೇಜಿನ ಮೇಲಿಟ್ಟು, "ಇದು ಇನ್ನು ಕೂರಲ್ಲ ಮೇಡಂ, ಬಿಸಾಕಿ" ಎಂದರು. ನಾನು ಬಿಸಾಡಲಿಲ್ಲ.

ನಾಲ್ಕು ಗಂಟೆಗೆ ಹನ್ನೆರಡು ಮಂದಿಯೂ ವೇದಿಕೆಯ ಮೇಲೆ ನಿಂತಿದ್ದರು. ನಾನು ಪರದೆಯ ಪಕ್ಕದಲ್ಲಿದ್ದೆ. ಪ್ರಾರ್ಥನೆ ಚೆನ್ನಾಗಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಹನ್ನೆರಡು ಅಂಚುಗಳನ್ನು ನೋಡುತ್ತಿದ್ದೆ. ಕಾಲೂ ಮುಖವೂ ನೋಡದೆ, ಯಾವುದು ಅವಳದು ಎಂದು ಹೇಳಲು ನನ್ನಿಂದಲೂ ಆಗಲಿಲ್ಲ. ಕೆಳಗೆ ನೆಲದ ಮೇಲೆ ಕೂತಿದ್ದ ಸಿದ್ಧಗಂಗಮ್ಮ ಮಾತ್ರ ಮಗಳ ಮುಖವನ್ನೇ ನೋಡುತ್ತಿದ್ದರು.

ಮರುದಿನ ನಾಗರತ್ನ ಶಾಲೆಗೆ ಬಂದಳು. ಅದರ ಮರುದಿನವೂ ಬಂದಳು. ಅವಳ ಹೆಸರು ನನ್ನ ಪುಸ್ತಕದಲ್ಲಿ ಉಳಿಯಿತು. ನಾವಿಬ್ಬರೂ ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ಕ್ಷಮೆ ಕೇಳುವುದು ನನ್ನ ದಿನಚರಿಯಲ್ಲಿ ಯಾವ ಗಂಟೆಗೂ ಇರಲಿಲ್ಲ.

ಹಲವು ವರ್ಷಗಳಾದ ಮೇಲೆ, ನಾನು ನಿವೃತ್ತಿಯಾಗಿದ್ದೆ, ಕುಣಿಗಲ್ ಬಸ್ ನಿಲ್ದಾಣದಲ್ಲಿ ಒಬ್ಬಾಕೆ ಬಂದು ನನ್ನ ಚೀಲ ಹಿಡಿದುಕೊಂಡಳು. "ಮಿಸ್, ನಾನು ನಾಗರತ್ನ. ಇಲ್ಲೇ ಅಂಗನವಾಡೀಲಿ ಇದೀನಿ." ಹತ್ತಿ ಸೀರೆ ಉಟ್ಟಿದ್ದಳು. ನನ್ನ ಕಣ್ಣು ತಾನಾಗಿ ಕೆಳಗೆ ಹೋಯಿತು. ಸೀರೆಯ ಅಂಚು ನೆಲಕ್ಕೆ ಸಮವಾಗಿತ್ತು. ನಾನು ನೋಡಿದ್ದನ್ನು ಅವಳೂ ನೋಡಿ ನಕ್ಕಳು.

ಹೆಬ್ಬೂರಿನ ಮೇಲೆ ತುಮಕೂರಿಗೆ ಹೋಗುವ ನನ್ನ ಬಸ್ಸಿಗೆ ಇನ್ನೂ ಸಮಯವಿತ್ತು. ಬೆಂಚಿನ ಮೇಲೆ ಕೂತೆವು. ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ, ಮೊದಲು ಇದು, ಆಮೇಲೆ ಇದು ಎಂದು. ಅಷ್ಟರಲ್ಲಿ ಅವಳೇ ಮಾತು ತೆಗೆದಳು.

"ಆ ಸ್ಕರ್ಟು ಎರಡು ವರ್ಷಕ್ಕೂ ಹೆಚ್ಚು ಹಾಕ್ದೆ ಮಿಸ್. ಹೊಸದು ಹೊಲಿಸ್ತೀನಿ ಅಂತು ಅವ್ವ, ನಾನೇ ಬೇಡ ಅಂದೆ. ಅದ್ರಲ್ಲಿ ನಿಂತ್ರೆ ಧೈರ್ಯ ಬರ್ತಿತ್ತು. ಆದ್ರೆ ಟಕ್ ಇರ್ಲಿಲ್ವಲ್ಲ, ಹತ್ತನೇ ಕ್ಲಾಸಿಗೆ ಬರೋ ಹೊತ್ಗೆ ಮಂಡಿಗಿಂತ ಮೇಲಕ್ಕೆ ಹೋಗ್ಬಿಟ್ಟಿತ್ತು."

"ಗೊತ್ತು" ಎಂದೆ.

"ಪ್ರತಿ ಸೋಮವಾರ ಹೆದರ್ಕೊಂಡು ನಿಂತಿರ್ತಿದ್ದೆ. ನೀವು ಬರ್ತಿದ್ರಿ. ಪಕ್ಕದ ಮಂಜುಳಾನ ಅಳೀತಿದ್ರಿ. ಆಮೇಲೆ ನನ್ನ ಈಚೆ ಕಡೆಯೋಳ್ನ ಅಳೀತಿದ್ರಿ. ನನ್ನ ಒಂದಿನಾನೂ ಅಳೀಲಿಲ್ಲ ನೀವು" ಎಂದಳು.

ನಾನು ಜೋಡಿಸಿಕೊಂಡಿದ್ದ ಮಾತುಗಳು ಬೇಕಾಗಲಿಲ್ಲ. ಬಸ್ಸು ಬಂದಾಗ ಅವಳೇ ಚೀಲ ಎತ್ತಿಕೊಟ್ಟಳು.

ಸುತ್ತಿಡು ಎಂದ ನಾನೇ ಆ ಭಾನುವಾರ ಇದನ್ನೆಲ್ಲ ಶ್ರೇಯಾಳಿಗೆ ಹೇಳಿ ಮುಗಿಸುವಷ್ಟರಲ್ಲಿ ಕಾಫಿಯ ವೇಳೆ ಹತ್ತು ನಿಮಿಷ ಮೀರಿತ್ತು. ಅವಳು ಮೂಲೆಯಲ್ಲಿ ಕೂತು ಪಟ್ಟಿಯನ್ನು ಮತ್ತೆ ತೆಗೆದು ಬೆರಳಿಗೆ ಸುತ್ತುತ್ತಿದ್ದಳು. ಪತ್ರಿಕೆಯ ಹಾಳೆ ನೆಲದ ಮೇಲಿತ್ತು.

"ಹಂಗಾದ್ರೆ ನಂಗೆ ಯಾವ್ದು ಅಜ್ಜಿ?" ಎಂದಳು, ಸಣ್ಣ ದನಿಯಲ್ಲಿ.

"ಎದ್ದು ನಡೆದು ತೋರಿಸು" ಎಂದೆ. ಅವಳು ನಡುಮನೆಯಿಂದ ಬಾಗಿಲವರೆಗೆ ಹೋಗಿ ಬಂದಳು. ದೊಡ್ಡ ದೊಡ್ಡ ಹೆಜ್ಜೆ, ಅವಳ ತಾತನದೇ ನಡಿಗೆ. ಮರಸೇಬಿನಂತೆ ನನಗೆ ಕಾಣಲಿಲ್ಲ. ಆ ಹೆಜ್ಜೆಗೆ ಬಿಗಿಯಾದದ್ದು ಕೂಡದು. ಮೇಲೆ ಕಿರಿದು ಕೆಳಗೆ ಅಗಲವಾದ ತುಂಡುಗಳ ಕಲಿ ಸೇರಿಸಿ ಹೊಲಿದ, ಕೆಳಗೆ ಬಿಡುವಿರುವ ಉದ್ದ ಸ್ಕರ್ಟು ಬೇಕು. ಹಾಗೆಂದು ಹೇಳಿದೆ. ಅವಳಮ್ಮನ ಒಂದು ಹಳೆಯ ಸ್ಕರ್ಟು ಬೀರುವಿನ ನಾಲ್ಕನೆಯ ಅರೆಯಲ್ಲಿತ್ತು. ಅದನ್ನೇ ಹಾಕಿಸಿ ಉದ್ದ ನೋಡೋಣವೆಂದು ಸ್ಕೇಲು ತಂದೆ.

ಈಗ ನನಗೆ ಮಂಡಿಯೂರಲು ಆಗುವುದಿಲ್ಲ. ಅವಳನ್ನು ಮಂಚದ ಪಕ್ಕದ ಗಟ್ಟಿ ಸ್ಟೂಲಿನ ಮೇಲೆ ನಿಲ್ಲಿಸಿದೆ. ಸ್ಕೇಲನ್ನು ಅವಳ ಪಾದದ ಪಕ್ಕ ನೆಟ್ಟಗೆ ಹಿಡಿದು ಮೊದಲ ಗುರುತು ಹಾಕಿದೆ. ನಾನು ಒಂದು ಕೈಯಲ್ಲಿ ಗೋಡೆ ಹಿಡಿದು ಪಕ್ಕಕ್ಕೆ ಸರಿಯುವುದನ್ನು ನೋಡಿ ಅವಳಿಗೆ ಕನಿಕರವಾಯಿತು.

"ಅಜ್ಜಿ, ನಿನ್ ಕಾಲು ನೋಯುತ್ತೆ. ನಾನೇ ತಿರುಗ್ತೀನಿ ಬಿಡು."

"ಬೇಡ" ಎಂದೆ. "ನೀನು ನಿಂತ ಹಾಗೆ ನಿಂತಿರು. ನಾನು ತಿರುಗ್ತೀನಿ."